ಹೆಪ್ಪು

ನರೀನ್ ಊರಿನ ಮೂರನೇ ನಂಬರಿನ ಶಾಲೆಯಲ್ಲಿ
ಒಲೆ ಕಾಯುವುದು ನನ್ನ ಕೆಲಸ.
ರಾತ್ರಿ ಎರಡು ಸಲ ಕಲ್ಲಿದ್ದಲು, ಬೆಳಗಿಗೊಮ್ಮೆ ಬೂದಿ.
ಹೊರಗೆ ಮೈನಸ್ ಇಪ್ಪತ್ತಾರು.
ಚಿಲಕಕ್ಕೆ ಬರಿಗೈ ತಾಗಿಸಿದರೆ ತೊಗಲು ಅಲ್ಲೇ ಉಳಿಯುತ್ತದೆ.

ಬಿಷ್ಕೆಕ್ಕಿನ ಯಾವುದೋ ಬ್ಯಾಂಕು ಬೇಡವೆಂದು ಬಿಟ್ಟ
ಹನ್ನೊಂದು ಕಂಪ್ಯೂಟರು
ಆಲೂಗಡ್ಡೆ ಲಾರಿಯಲ್ಲಿ ಬಂದವು.
ಒಳಗೇನೂ ಇರಲಿಲ್ಲ,
ಲೆಕ್ಕವೆಲ್ಲ ಒರೆಸಿ ಕಳಿಸಿದ್ದರು.

ಗುಂಡಿ ಒತ್ತಿದರೆ ಸಿ.ಡಿ. ತಟ್ಟೆ ಹೊರಗೆ ಬರುತ್ತಿತ್ತು
ಡಾಕ್ಟರಿಗೆ ನಾಲಿಗೆ ತೋರಿಸುವ ಮಗುವಿನಂತೆ.
ತೋರಿಸಿ, ಒಳಗೆಳೆದುಕೊಂಡು, ಸುಮ್ಮನಾಗುತ್ತಿತ್ತು.
ಓದುವ ಕಣ್ಣು ಒಂದರದ್ದೂ ನೆಟ್ಟಗಿಲ್ಲ ಎಂದರು ಬುರುಲ್ಚಾ ಮೇಡಂ.
ಪೆನ್‌ಡ್ರೈವ್ ಚುಚ್ಚಿದರೂ ಅರಿವಿಲ್ಲ,
ಅಷ್ಟು ಹಳೆಯ ಕಾಲದವು.
'ಒಲೆಗೆ ಹಾಕಲೂ ಬಾರದವು' ಎಂದೆ.
ಅವರು ನಗಲಿಲ್ಲ.

ಅವರ ಲ್ಯಾಪ್‌ಟಾಪಿನಲ್ಲಿತ್ತು ಲಿನಕ್ಸು.
ಒಂದರಲ್ಲಿದ್ದರೆ ಸಾಕಂತೆ,
ಹೆಪ್ಪಿಗೆಂದು ಪಕ್ಕದ ಮನೆಗೆ ಲೋಟ ಹಿಡಿದು ಹೋದ ಹಾಗೆ.
ನಮ್ಮವ್ವ ಐರಾನಿಗೆ ಹಾಗೇ ಹೋಗುತ್ತಿದ್ದಳು.
ಹೆಪ್ಪು ಕೊಟ್ಟವರ ಮನೆಯಲ್ಲಿ
ಮೊಸರು ಕಡಿಮೆಯಾದದ್ದು ನಾನು ಕಂಡಿಲ್ಲ.

ತಂತಿ ಬೇಕಿತ್ತು. ಇದ್ದದ್ದನ್ನು ಇಲಿ ಕಡಿದಿತ್ತು.
ಚಾಕು ನನ್ನದು, ಬೆರಳು ನನ್ನದು, ಕಣ್ಣು ಮಾತ್ರ ಎರವಲು:
ಹಸಿರೂ ಕಂದೂ ನನಗೆ ಹುಟ್ಟಿದಾಗಿನಿಂದ ಒಂದೇ.
ಒಂದು ತಂತಿಯೊಳಗೆ ಎಂಟು ಎಳೆ.
ಮೇಡಂ ತಂಗಿಯ ಮಗಳು ಐಚುರೆಕ್
ಮೊಣಕಾಲೂರಿ ಕೂತು ಹೇಳಿಕೊಟ್ಟಳು,
ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ,
ತಾಳು ಅಜ್ಜ, ಅದು ಕಂದು.
ಕಂಬಳಿಗೆ ಬಣ್ಣ ಹೊಂದಿಸುವಾಗ
ಹೆಂಡತಿ ನನ್ನನ್ನು ಅಂಗಳಕ್ಕೆ ಅಟ್ಟುತ್ತಿದ್ದಳು.
ಇವಳು ಪಕ್ಕದಲ್ಲೇ ಕೂರಿಸಿಕೊಂಡಳು.

ರಾತ್ರಿ ಒಂಬತ್ತಕ್ಕೆ ಮೊದಲನೆಯದಕ್ಕೆ ಎಚ್ಚರವಾಯಿತು.
ಕಪ್ಪು ಪರದೆ, ಬಿಳಿ ಅಕ್ಷರ.
ಏನು ಹೇಳುತ್ತಿದೆ ಎಂದೆ.
ಹೇಳುತ್ತಿಲ್ಲ, ಕೇಳುತ್ತಿದೆ, ಎಂದರು ಮೇಡಂ:
ಯಾರಾದರೂ ಇದ್ದೀರಾ, ನಾನು ಯಾರು,
ನನಗೊಂದು ನಂಬರು ಕೊಡಿ.
ಕಣ್ಣು ಬಿಡದ ನಾಯಿಮರಿ
ತಾಯಿ ಎತ್ತಲಿದ್ದಾಳೆಂದು ತಿಳಿಯದೆ
ಎಲ್ಲ ದಿಕ್ಕಿಗೂ ಕುಂಯ್‌ಗುಡುವ ಹಾಗೆ.
ಲ್ಯಾಪ್‌ಟಾಪು ಓಗೊಟ್ಟಿತು: ನೀನು ಹನ್ನೆರಡು. ತಗೋ.

ಚುಕ್ಕೆ. ಚುಕ್ಕೆ. ಚುಕ್ಕೆ.
ನಾನು ಒಲೆಗೆ ಇದ್ದಲು ಹಾಕಿ ಬಂದೆ.
ಇನ್ನೂ ಚುಕ್ಕೆ.

ಆಮೇಲೆ ಭಾಷೆಗಳ ಪಟ್ಟಿ.
ಐಚುರೆಕ್ ಬಾಣದ ಕೀಲಿ ಒತ್ತುತ್ತ ಇಳಿದಳು.
ನಡುವೆ ಯಾವ ನಾಡಿನದೋ ಲಿಪಿ, ಅಕ್ಷರವೆಲ್ಲ ದುಂಡು,
ಚಳಿಗೆ ಮುದುಡಿ ಮಲಗಿದ ಕುರಿಮರಿಗಳ ಸಾಲು.
ಇದು ಯಾರದಜ್ಜ?
ಯಾರದೋ. ಅವರಿಗೂ ಒಂದು ಒಲೆ ಇರಬೇಕು.
ಕಜಾಕ್ ಬಂತು, ಕೊರಿಯನ್ ಬಂತು, ನಮ್ಮದು ಬರಲಿಲ್ಲ.
ಮೇಲೆ ಹತ್ತಿ ಮತ್ತೆ ಇಳಿದಳು. ಇಲ್ಲ.
ಮೇಡಂ ಮಾತಾಡದೆ ರಷ್ಯನ್ ಒತ್ತಿದರು.
ಸೈನ್ಯದಲ್ಲಿ ಎರಡು ವರ್ಷ ನನ್ನನ್ನು ತೋಲಿಕ್ ಎಂದೇ ಕೂಗಿದರು.
ನಾನು ತೊಲೊಗೊನ್.

ನಾಲ್ಕರ ಜಾವಕ್ಕೆ ಹತ್ತು ಪರದೆ ನೀಲಿ.
ನೀಲಿ ನನಗೆ ಕಾಣುತ್ತದೆ.
ಮೇಡಂ ಕೋಟು ಹೊದ್ದು ಬೆಂಚಿನ ಮೇಲೆ ನಿದ್ದೆ.
ಹುಡುಗಿ ಅದೆಲ್ಲೋ ಒಳಗೆ ಹುಡುಕಿ, ಹುಡುಕಿ,
ಕೀಲಿಮಣೆಯ ಮೂಲೆಯಲ್ಲಿ ಹಿಡಿದೇಬಿಟ್ಟಳು
ರಷ್ಯನ್ನಿನಲ್ಲಿಲ್ಲದ ನಮ್ಮ ಮೂರು ಅಕ್ಷರ.
ಒಂದು ಹೊಟ್ಟೆಗೆ ಗೆರೆ ಎಳೆದ ಸೊನ್ನೆ,
ಒಂದು ಒಂಟಿಕಾಲಲ್ಲಿ ಕೈಯೆತ್ತಿ ನಿಂತದ್ದು,
ಒಂದಕ್ಕೆ ಬಾಲ.
ಏನು ಬರೆಯಲಿ ಅಜ್ಜ?
ನನಗೇನು ಹೊಳೆದೀತು! ಕೈ ನೋಡಿಕೊಂಡೆ.
ಕೊಮುರ್ ಅಂದೆ. ಇದ್ದಲು.
ಸೊನ್ನೆಯೂ ಬಂತು, ಒಂಟಿಕಾಲೂ ಬಂತು.
ಬಾಲದ್ದು ಇನ್ನೊಂದು ದಿನಕ್ಕೆ.

ಹನ್ನೊಂದನೆಯದು ಏಳಲೇ ಇಲ್ಲ.
ಕೂಗಿತೋ ಇಲ್ಲವೋ, ಯಾರೂ ಓಗೊಡಲಿಲ್ಲ.
ಮೈ ಮಾತ್ರ ಬೆಚ್ಚಗಿತ್ತು.
ಆರಿಸುವುದು ಬೇಡವೆಂದು
ಅದರ ನೆತ್ತಿಯ ಮೇಲೆ
ಹೆಪ್ಪು ಹಾಕಿದ ಹಾಲಿನ ಪಾತ್ರೆ ಇಟ್ಟು
ನನ್ನ ಟೊಪ್ಪಿಗೆ ಮುಚ್ಚಿದೆ.

ಮಧ್ಯಾಹ್ನಕ್ಕೆ ಮೊಸರೇನೋ ಆಯಿತು.
ತುಸು ಹುಳಿ.